ಕಾಣದ ಕವಾಟಕ್ಕೆ ಕಲಿತ ಕೈ

ಹೊಳೆಹೊನ್ನೂರಿನ ಸುತ್ತಣ ಹಳ್ಳಿಗಳಲ್ಲಿ ಈಚೆಗೆ ಒಂದು ಪ್ರಶ್ನೆ ನಮಗೆ ಮೇಲಿಂದ ಮೇಲೆ ಎದುರಾಗುತ್ತಿದೆ. ಲಗ್ನದ ಚಪ್ಪರದಲ್ಲಿ, ದಾಸೋಹದ ಪಂಕ್ತಿಯಲ್ಲಿ, ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ, ಯಾರಾದರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಅಯ್ಯನೋರೇ, ಎದೆ ಕೊಯ್ಯದೆ ಮಿಷಿನ್ನೇ ಹೃದಯದೊಳಗೆ ಹೋಗಿ ವಾಲ್ವ್ ರಿಪೇರಿ ಮಾಡ್ತದಂತೆ, ಹೌದಾ?" ಕೇಳುವವರ ಮನೆಯಲ್ಲಿ ಬಹುಮಟ್ಟಿಗೆ ಒಬ್ಬ ತಾಯಿಗೋ ಸೊಸೆಗೋ ಕವಾಟದ ತೊಂದರೆ ಇರುತ್ತದೆ. ಆದುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಾವು ವೈದ್ಯರಲ್ಲ; ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಓದಿಕೊಂಡವರು. ಆದರೂ ಕೇಳಿದವರಿಗೆ ಬಾಯಿಮಾತಿನಲ್ಲಿ ಉತ್ತರಿಸಿ ಕಳುಹಿಸುವುದಕ್ಕಿಂತ, ಬಲ್ಲವರು ಬರೆದುದನ್ನು ಓದಿ, ತಿಳಿದಷ್ಟನ್ನು ಇಲ್ಲಿ ಬರೆಯುವುದು ಯೋಗ್ಯವೆಂದು ತೋರಿತು.

ಮೊದಲು ಕವಾಟವೆಂದರೇನು ಎಂಬುದನ್ನು ನೋಡೋಣ. ತೋಟಕ್ಕೆ ಪಂಪ್‌ಸೆಟ್ ಇಟ್ಟುಕೊಂಡಿರುವ ಯಾವ ರೈತರಿಗೂ ಇದನ್ನು ವಿವರಿಸಬೇಕಾಗಿಲ್ಲ. ಬಾವಿಯ ತಳದಲ್ಲಿ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆಯಲ್ಲವೇ? ನೀರು ಮೇಲೇರುವಾಗ ಅದು ತೆರೆದುಕೊಳ್ಳುತ್ತದೆ, ಮೋಟಾರು ನಿಂತೊಡನೆ ಮುಚ್ಚಿಕೊಳ್ಳುತ್ತದೆ. ಅದರ ಚರ್ಮ ಸವೆದರೆ ನೀರು ಹಿಂದಕ್ಕೆ ಸೋರುತ್ತದೆ, ಮೋಟಾರು ವೃಥಾ ತಿರುಗಿ ಬಿಸಿಯೇರುತ್ತದೆ. ಹೃದಯದಲ್ಲಿ ಇಂಥ ಕವಾಟಗಳು ನಾಲ್ಕು. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಅವು ತೆರೆದು ಮುಚ್ಚುತ್ತವೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಅವುಗಳ ಮೂಲಕ ಹಾದುಹೋಗುತ್ತದೆ. ಕವಾಟಕ್ಕೆ ಬರುವ ಕೇಡು ಎರಡು ಬಗೆಯದು. ಒಂದು, ಮುಚ್ಚಿದಾಗ ಸೋರುವುದು. ಇನ್ನೊಂದು, ತೆರೆಯಬೇಕಾದಷ್ಟು ತೆರೆಯದಿರುವುದು. ಎರಡನೆಯದನ್ನು ಭದ್ರಾ ನಾಲೆಯ ತೂಬಿಗೆ ಹೋಲಿಸಬಹುದು: ಹಲಗೆ ತುಕ್ಕು ಹಿಡಿದು ಅರ್ಧದಲ್ಲೇ ನಿಂತರೆ ಕೆಳಗಿನ ಗದ್ದೆ ಒಣಗುತ್ತದೆ, ಮೇಲೆ ನೀರು ಒತ್ತಿ ಏರಿ ನಿಲ್ಲುತ್ತದೆ. ಹೃದಯದಲ್ಲಿ ಹೀಗೆ ಮೇಲೇರಿ ನಿಲ್ಲುವ ಒತ್ತಡ ಶ್ವಾಸಕೋಶಕ್ಕೆ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಉಸಿರುಕಟ್ಟಿ ಎದ್ದು ಕೂರುವುದು, ಇವೆಲ್ಲ ಅದರಿಂದಲೇ.

ನಮ್ಮ ಹಳ್ಳಿಗಾಡಿನಲ್ಲಿ ಎಳೆಯ ವಯಸ್ಸಿನವರಿಗೆ ಬರುವ ಕವಾಟದ ರೋಗಕ್ಕೆ ಮುಖ್ಯ ಕಾರಣ ಬಾಲ್ಯದ ಗಂಟಲು ನೋವು ಎಂದರೆ ಅನೇಕರು ನಂಬುವುದಿಲ್ಲ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಡುತ್ತದೆ. ಕೆಲವು ಮಕ್ಕಳಲ್ಲಿ ಕೆಲವು ವಾರಗಳ ಬಳಿಕ ಜ್ವರ ಬಂದು ಕೀಲುಗಳು ಬಾತುಕೊಳ್ಳುತ್ತವೆ. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ರೋಗಾಣುವಿನ ಮೇಲೆ ಯುದ್ಧ ಹೂಡಿದ ದೇಹದ ರಕ್ಷಣಾಶಕ್ತಿ ತನ್ನದೇ ಹೃದಯದ ಮೇಲೂ ತಿರುಗಿಬೀಳುವುದೇ ಇದರ ಮೂಲ. ಕೀಲುನೋವು ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಮನೆಯವರು ಮರೆತುಬಿಡುತ್ತಾರೆ. ಕವಾಟ ಮಾತ್ರ ಮರೆಯುವುದಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಎಡಭಾಗದ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿರುವ ಮೈಟ್ರಲ್ ಕವಾಟದ ಎರಡು ದಳಗಳು ಅಂಚಿನಲ್ಲಿ ಬೆಸೆದುಕೊಂಡು, 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದಾರಿ 1 ಚದರ ಸೆಂಟಿಮೀಟರಿಗೂ ಇಳಿಯುವುದುಂಟು.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ರುಮ್ಯಾಟಿಕ್ ಜ್ವರ ಬಂದುಹೋದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿಮದ್ದು ಹಲವು ವರ್ಷ ಬೇಕಾಗುತ್ತದೆ. ಕವಾಟ ಕೆಟ್ಟವರಿಗೆ ಅದನ್ನು ನಡುವಯಸ್ಸಿನವರೆಗೂ ಮುಂದುವರಿಸಬೇಕಾಗಬಹುದು. ಹೆಣ್ಣುಮಗುವಾದರೆ ಲಗ್ನದ ಮಾತುಕತೆ ಆರಂಭವಾದೊಡನೆ ಈ ಸೂಜಿ ನಿಂತುಹೋಗುವುದನ್ನು ನಾವು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇವೆ. ಬೀಗರಿಗೆ ತಿಳಿದರೆ ಸಂಬಂಧ ತಪ್ಪೀತೆಂಬ ಭಯ. ಆಸ್ಪತ್ರೆಯ ಚೀಟಿಗಳು ಪೆಟ್ಟಿಗೆಯ ತಳ ಸೇರುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಿತರ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ಆರು ತಿಂಗಳ ಬಸುರಿಯಾಗಿದ್ದಾಗ ಉಸಿರಾಡಲಾರದೆ ಕುಸಿದಳು. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕಿರಿದಾದ ಬಾಗಿಲಲ್ಲಿ ಅಷ್ಟು ರಕ್ತ ಹಾಯುವುದು ಹೇಗೆ? ಶಿವಮೊಗ್ಗದಲ್ಲಿ ಎಕೋ ಪರೀಕ್ಷೆ ಮಾಡಿದಾಗ ಸಂಗತಿ ಹೊರಬಿತ್ತು. ಅತ್ತೆಯವರು ಗದರಿಸಲಿಲ್ಲ. "ಮೊದ್ಲೇ ಹೇಳಿದ್ರೆ ನಾವೇ ಕರ್ಕೊಂಡು ಹೋಗ್ತಿದ್ವಲ್ಲ ತಾಯಿ" ಎಂದಷ್ಟೇ ಅಂದರು. ಬೆಂಗಳೂರಿಗೆ ಕರೆದೊಯ್ದು, ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ಬಲೂನಿನಿಂದ ಕವಾಟವನ್ನು ಬಿಡಿಸಿದರು. ತಾಯಿ ಮಗು ಇಬ್ಬರೂ ಉಳಿದರು. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ.

ಈ ಬಲೂನಿನ ಚಿಕಿತ್ಸೆಗೆ ಒಂದು ಸೊಗಸಾದ ಪೂರ್ವಕಥೆಯಿದೆ. 1925ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಯುವತಿಯೊಬ್ಬಳ ಎದೆ ತೆರೆದು, ಮಿಡಿಯುತ್ತಿದ್ದ ಹೃದಯದೊಳಗೆ ತಮ್ಮ ಬೆರಳನ್ನೇ ತೂರಿಸಿ, ಬೆಸೆದ ಕವಾಟವನ್ನು ಬೆರಳಿನಿಂದಲೇ ಬಿಡಿಸಿದರು. ರಕ್ತ ತುಂಬಿದ ಹೃದಯದೊಳಗೆ ಕಣ್ಣಿಗೆ ಏನೂ ಕಾಣದು. ಬೆರಳ ತುದಿಯ ಸ್ಪರ್ಶವೇ ಅವರ ಕಣ್ಣಾಯಿತು. ಆಕೆ ಬದುಕುಳಿದಳು. ಆದರೆ ಇಂಥ ರೋಗಿಗಳನ್ನು ಸೌಟರರ ಬಳಿಗೆ ಮತ್ತೆ ಯಾರೂ ಕಳುಹಿಸಲಿಲ್ಲ! ಕಾಲು ಶತಮಾನ ಹತ್ತಿರವಾಗುವವರೆಗೆ ಆ ವಿದ್ಯೆ ಹಾಗೆಯೇ ಬಿದ್ದಿತ್ತು. 1948ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯರು ಅದನ್ನು ಮತ್ತೆ ಕೈಗೆತ್ತಿಕೊಂಡರು.

ಬಳಿಕ 1982ರಲ್ಲಿ ಜಪಾನಿನ ಕಾಂಜಿ ಇನೋವೆ ಬೆರಳಿನ ಕೆಲಸವನ್ನು ಬಲೂನಿಗೆ ವಹಿಸಿದರು. ತೊಡೆಯ ಸಂದಿನ ಅಭಿಧಮನಿಯಲ್ಲಿ ಒಂದು ತೆಳುವಾದ ನಳಿಕೆಯನ್ನು ಸೇರಿಸಿ ಬಲ ಹೃತ್ಕರ್ಣದವರೆಗೆ ಒಯ್ಯುತ್ತಾರೆ. ಅಲ್ಲಿಂದ ನಡುಗೋಡೆಯನ್ನು ಸೂಜಿಯಿಂದ ತೂತುಮಾಡಿ ಎಡಕ್ಕೆ ದಾಟಿಸಿ, ಮೈಟ್ರಲ್ ಕವಾಟದ ಬಾಯಲ್ಲಿ ಬಲೂನನ್ನಿಟ್ಟು ಕೆಲವೇ ಕ್ಷಣ ಉಬ್ಬಿಸುತ್ತಾರೆ. ಬೆಸುಗೆ ಬಿಡುತ್ತದೆ. ಎದೆ ಸೀಳುವುದಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ, ಬಹುತೇಕರು ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಈ ಚಿಕಿತ್ಸೆಯನ್ನು ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿ ನಡೆಸಿದ ಕೇಂದ್ರಗಳ ಸಾಲಿನಲ್ಲಿ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯೂ ಇದೆ. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಈ ಸರ್ಕಾರಿ ಸಂಸ್ಥೆಯನ್ನು 2024ರ ಜನವರಿಯವರೆಗೆ ಬಹುಕಾಲ ನಡೆಸಿದ ಡಾ. ಸಿ. ಎನ್. ಮಂಜುನಾಥ್ ಅವರು ಈ ಬಲೂನ್ ವಿದ್ಯೆಯಲ್ಲಿಯೇ ಹೆಸರಾದವರು. ನಮ್ಮ ಕಡೆಯ ಬಡ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಆ ಆಸ್ಪತ್ರೆಯ ಉಪಕಾರದಿಂದ ಇಂದು ಮಕ್ಕಳೊಂದಿಗರಾಗಿದ್ದಾರೆ.

ವಯಸ್ಸಾದವರಲ್ಲಿ ಕೆಡುವುದು ಹೆಚ್ಚಾಗಿ ಮಹಾಪಧಮನಿಯ ಬಾಯಲ್ಲಿರುವ ಅಯೋರ್ಟಿಕ್ ಕವಾಟ. ಅದಕ್ಕೆ ಸುಣ್ಣ ಕಟ್ಟಿ ಬಿಗಿಯುತ್ತದೆ. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೇ ಅವರು ಮಡಿಸಿದ ಹೊಸ ಕವಾಟವನ್ನೇ ನಳಿಕೆಯ ಮೂಲಕ ಒಯ್ದು ಹಳೆಯದರೊಳಗೆ ಅರಳಿಸಿದರು. ಈಗ ಗುಜರಾತಿನ ವಾಪಿಯಲ್ಲಿ ಇಂಥ ಕವಾಟ ತಯಾರಾಗುತ್ತಿದೆ. ಬೆಲೆ ಲಕ್ಷಗಳ ಲೆಕ್ಕದಲ್ಲಿಯೇ ಉಳಿದಿದೆ ಎಂಬುದೇ ಕೊರಗು. ಬೆಲೆಯ ಮಾತು ಬಂದಾಗ ಡಾ. ಎಂ. ಎಸ್. ವಲಿಯತ್ತಾನ್ ಅವರನ್ನು ನೆನೆಯದಿರಲಾಗದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅವರ ತಂಡ ಮೂರು ಮಾದರಿಗಳಲ್ಲಿ ಸೋತು, ನಾಲ್ಕನೆಯದರಲ್ಲಿ ಗೆದ್ದು, ಸ್ವದೇಶಿ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಿತು. ಅದು ಎದೆ ತೆರೆದು ಜೋಡಿಸುವ ಕವಾಟ. ಆದರೂ ಸಾಮಾನ್ಯರ ಕೈಗೆ ಎಟುಕಿತು. ಮುಂದೆ ಅವರು ನಮ್ಮ ಮಣಿಪಾಲದಲ್ಲಿ ಕುಲಪತಿಗಳಾಗಿದ್ದು, 2024ರಲ್ಲಿ ತೀರಿಕೊಂಡರು.

ಇನ್ನು ಯಂತ್ರ ಕಲಿಯುವ ವಿಚಾರ. ಇದನ್ನು ಯಂತ್ರಕಲಿಕೆ ಎನ್ನುತ್ತಾರೆ. ಗಣಕಯಂತ್ರವೆಂದರೆ ನಾವು ಹೇಳಿದ ನಿಯಮದಂತೆ ಲೆಕ್ಕ ಹಾಕುವ ಸಾಧನವೆಂದು ತಿಳಿದಿದ್ದ ನಮಗೆ, ಅದು ಕಲಿಯುತ್ತದೆ ಎಂಬುದು ಮೊದಲಿಗೆ ಒಗಟಿನಂತೆ ಕಂಡಿತು. ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ ನಿಂತರೆ ಈ ಒಗಟು ಬಿಡುತ್ತದೆ. ಅಲ್ಲಿ ಮೂವತ್ತು ವರ್ಷ ಅಡಿಕೆ ಆರಿಸಿದ ಹೆಣ್ಣುಮಗಳು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕಣ್ಣೆವೆ ಇಕ್ಕುವಷ್ಟರಲ್ಲಿ ಬೇರೆಮಾಡುತ್ತಾಳೆ. ಹೇಗೆ ತಿಳಿಯಿತೆಂದು ಕೇಳಿದರೆ ಹೇಳಲಾರಳು. ಅವಳಿಗೆ ಯಾರೂ ಸೂತ್ರ ಕಲಿಸಲಿಲ್ಲ; ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯಳು "ಇದಲ್ಲ, ಅದು" ಎಂದು ತಿದ್ದಿದಂತೆಲ್ಲ ಕಣ್ಣು ಪಳಗಿತು. ಯಂತ್ರಕ್ಕೂ ಮಾಡುವುದು ಅದನ್ನೇ. ಬಲ್ಲ ವೈದ್ಯರು ಗುರುತು ಹಾಕಿದ ಸಾವಿರಾರು ಎಕೋ ಚಿತ್ರಗಳನ್ನು ಅದರ ಮುಂದಿಡುತ್ತಾರೆ. ಯಂತ್ರ ಊಹಿಸುತ್ತದೆ, ತಪ್ಪಿದರೆ ಒಳಗಿನ ಲಕ್ಷಾಂತರ ಸಂಖ್ಯೆಗಳನ್ನು ಕಿಂಚಿತ್ ಹೊಂದಿಸಿಕೊಳ್ಳುತ್ತದೆ, ಮತ್ತೆ ಊಹಿಸುತ್ತದೆ. ಹೀಗೆ ಲಕ್ಷಾಂತರ ಸಲ ತಿದ್ದಿಸಿಕೊಂಡ ಮೇಲೆ ಹೊಸ ಚಿತ್ರವನ್ನು ತೋರಿದರೂ ಕವಾಟದ ಅಂಚನ್ನು ಗೆರೆ ಎಳೆದು ತೋರಿಸುತ್ತದೆ.

ಇದರ ಉಪಯೋಗ ಎಲ್ಲಿ? ಬಲೂನ್ ಹಾಕುವ ಮುನ್ನ ಕವಾಟ ಅದಕ್ಕೆ ಯೋಗ್ಯವೇ ಎಂದು ತೂಗಿನೋಡಬೇಕು. 1988ರಲ್ಲಿ ಬಾಸ್ಟನ್ನಿನ ವಿಲ್ಕಿನ್ಸ್ ಮತ್ತು ಸಂಗಡಿಗರು ಇದಕ್ಕೊಂದು ಅಂಕಪಟ್ಟಿ ರಚಿಸಿದರು. ದಳಗಳು ಎಷ್ಟು ಆಡುತ್ತವೆ, ಎಷ್ಟು ದಪ್ಪಗಾಗಿವೆ, ಸುಣ್ಣ ಎಷ್ಟು ಕಟ್ಟಿದೆ, ಕೆಳಗಿನ ತಂತುಗಳು ಎಷ್ಟು ಕೆಟ್ಟಿವೆ ಎಂಬ ನಾಲ್ಕಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಲೂನಿಗೆ ಒಳ್ಳೆಯ ಫಲ ನಿರೀಕ್ಷಿಸಬಹುದು. ಆದರೆ ಒಂದೇ ಚಿತ್ರಕ್ಕೆ ಒಬ್ಬ ವೈದ್ಯರು 7 ಎಂದರೆ ಇನ್ನೊಬ್ಬರು 9 ಎನ್ನಬಹುದು. ದಣಿದ ಕಣ್ಣು, ತುಂಬಿದ ಹೊರರೋಗಿ ವಿಭಾಗ, ಯಾರನ್ನು ದೂರೋಣ? ಇಂಥಲ್ಲಿ ದಣಿವರಿಯದ ಎರಡನೆಯ ಕಣ್ಣೊಂದು ಇದ್ದರೆ ಉಪಕಾರವೇ. ಹೊಸ ಅಯೋರ್ಟಿಕ್ ಕವಾಟ ಕೂರಿಸುವಾಗಲಂತೂ ಸಿ.ಟಿ. ಚಿತ್ರದಿಂದ ಬಾಯಿಯ ಸುತ್ತಳತೆಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ತೆಗೆಯಬೇಕು. ಅಳತೆ ಕಿರಿದಾದರೆ ಪಕ್ಕದಲ್ಲಿ ಸೋರುತ್ತದೆ, ಹಿರಿದಾದರೆ ಹರಿಯುವ ಅಪಾಯ. ಈ ಅಳತೆಯನ್ನು ಗಣಕಯಂತ್ರವೇ ತೆಗೆದು ವೈದ್ಯರ ಮುಂದಿಡುವ, ಕವಾಟ ಕುಳಿತ ಮೇಲೆ ಹೇಗಿದ್ದೀತೆಂದು ಮೊದಲೇ ಅನುಕರಿಸಿ ತೋರಿಸುವ ಏರ್ಪಾಡುಗಳು ಈಗ ಬಳಕೆಯಲ್ಲಿವೆ. ಚಿಕಿತ್ಸೆ ನಡೆಯುತ್ತಿರುವಾಗ ಎಕೋ ಚಿತ್ರವನ್ನೂ ಕ್ಷ-ಕಿರಣದ ಚಿತ್ರವನ್ನೂ ಒಂದರ ಮೇಲೊಂದು ಹೊಂದಿಸಿ ಒಂದೇ ಪರದೆಯಲ್ಲಿ ತೋರಿಸುವ ಯಂತ್ರಗಳೂ ಬಂದಿವೆ.

ಹಳ್ಳಿಗಾಡಿನ ದೃಷ್ಟಿಯಿಂದ ನಮಗೆ ಹೆಚ್ಚು ಹಿಡಿಸಿದ್ದು ಬೇರೊಂದು ಪ್ರಯೋಗ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹಿಂದೆಂದೂ ಎಕೋ ಮಾಡದ 8 ಮಂದಿ ದಾದಿಯರ ಕೈಗೆ ಎಕೋ ಯಂತ್ರ ಕೊಟ್ಟರು. ಕೈಯನ್ನು ಎಡಕ್ಕೆ ಹೊರಳಿಸು, ಸ್ವಲ್ಪ ಬಾಗಿಸು ಎಂದು ಕಲಿತ ಯಂತ್ರವೇ ಹೆಜ್ಜೆಹೆಜ್ಜೆಗೂ ಹೇಳುತ್ತಿತ್ತು. ಅವರು 240 ರೋಗಿಗಳನ್ನು ಪರೀಕ್ಷಿಸಿದರು. ಎಡ ಹೃತ್ಕುಕ್ಷಿಯ ಗಾತ್ರ, ಕೆಲಸ ಇವುಗಳನ್ನು ತೀರ್ಮಾನಿಸಲು ಶೇಕಡಾ 98ಕ್ಕೂ ಹೆಚ್ಚು ರೋಗಿಗಳ ಚಿತ್ರಗಳು ಸಾಕಾಗಿದ್ದವು. ನೂರಾರು ಮೈಲಿ ದೂರದ ತಜ್ಞರ ಕಣ್ಣಿಗೆ ನಮ್ಮೂರಿನ ಹೃದಯದ ಚಿತ್ರ ಒಳ್ಳೆಯದಾಗಿ ತಲುಪಿದರೆ ಅರ್ಧ ಕೆಲಸ ಆದಂತೆ. ನಮ್ಮ ರಾಜ್ಯದಲ್ಲಿಯೂ 2023ರ ನವೆಂಬರಿನಲ್ಲಿ ಆರಂಭವಾದ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವ ಏರ್ಪಾಡು ಮಾಡಿದ್ದಾರೆ. ಅದು ಹೃದಯಾಘಾತಕ್ಕಾಗಿ ಇರುವ ಯೋಜನೆ, ಕವಾಟಕ್ಕಲ್ಲ. ಆದರೂ ದಾರಿ ಅದೇ.

ಈಗ, ಯಂತ್ರವೇ ಹೃದಯದೊಳಗೆ ಹೋಗುತ್ತದಂತೆ ಎಂಬ ಮಾತು ಹುಟ್ಟಿದ್ದೆಲ್ಲಿ ಎಂಬುದನ್ನು ಹೇಳುತ್ತೇವೆ. 2019ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಪಿಯರ್ ಡ್ಯುಪಾಂಟ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಜೋಡಿಸಿದ ಕವಾಟದ ಪಕ್ಕದಲ್ಲಿ ಸೋರಿಕೆಯಿರುವ ಹಂದಿಗಳ ಮಿಡಿಯುವ ಹೃದಯದಲ್ಲಿ, ಯಾಂತ್ರಿಕ ನಳಿಕೆಯೊಂದು ಯಾರ ಕೈಯ ನಡೆಸುವಿಕೆಯೂ ಇಲ್ಲದೆ ತಾನಾಗಿ ಸೋರುವ ಜಾಗವನ್ನು ಹುಡುಕಿಕೊಂಡು ಹೋಯಿತು. ರಕ್ತದೊಳಗೆ ಕ್ಯಾಮರಾ ಕುರುಡು, ಕೆಂಪು ಬಿಟ್ಟು ಬೇರೇನೂ ಕಾಣದು. ಅದಕ್ಕೆ ಅವರು ಹೂಡಿದ ಉಪಾಯ ಸೌಟರರ ಬೆರಳನ್ನು ನೆನಪಿಸುತ್ತದೆ. ನಳಿಕೆಯ ತುದಿಯಲ್ಲಿ ಪುಟ್ಟ ಕ್ಯಾಮರಾ, ಪುಟ್ಟ ದೀಪ, ಅದರ ಮುಂದೆ ಪಾರದರ್ಶಕವಾದ ಮೆತ್ತನೆಯ ಕಿಟಕಿ. ಆ ಕಿಟಕಿಯನ್ನು ಹೃದಯದ ಗೋಡೆಗೆ ಒತ್ತಿದಾಗ ನಡುವಿನ ರಕ್ತ ಸರಿದು, ತಾಗಿದ ವಸ್ತು ಮಾತ್ರ ಕಾಣುತ್ತದೆ. ಮೊದಲೇ ಸುಮಾರು 2000 ಚಿತ್ರಗಳಿಂದ ಕಲಿತ ಯಂತ್ರ, ತಾಗಿದ್ದು ರಕ್ತವೋ ಮಾಂಸದ ಗೋಡೆಯೋ ಕವಾಟವೋ ಎಂದು ಆ ಕ್ಷಣವೇ ತಿಳಿಯುತ್ತದೆ. ಎಷ್ಟು ಬಲವಾಗಿ ಒತ್ತುತ್ತಿದ್ದೇನೆ ಎಂಬುದನ್ನೂ ತಿಳಿಯುತ್ತದೆ. ಕತ್ತಲಲ್ಲಿ ನಾವು ಗೋಡೆ ತಡವಿಕೊಂಡು ಬಚ್ಚಲಮನೆಗೆ ಹೋಗುತ್ತೇವಲ್ಲ, ಹಾಗೆ ಹೃದಯದ ಗೋಡೆಯನ್ನೇ ತಡವುತ್ತಾ ಕವಾಟದವರೆಗೆ ನಡೆಯುತ್ತದೆ. ಗೋಡೆ ಹಿಡಿದು ಓಡುವ ಇಲಿ, ಜಿರಳೆಗಳ ನಡೆಯಿಂದ ಈ ಉಪಾಯ ಹೊಳೆಯಿತಂತೆ! 83 ಬಾರಿ ಹೊರಟದ್ದರಲ್ಲಿ ನೂರಕ್ಕೆ 95ರಂತೆ ಗುರಿ ಮುಟ್ಟಿತು. ನುರಿತ ವೈದ್ಯರ ಕೈಗೆ ಸಮನಾಗಿ ನಡೆಯಿತು. ಸೋರಿಕೆಯನ್ನು ಮುಚ್ಚುವ ಕೆಲಸವನ್ನು ಮಾತ್ರ ವೈದ್ಯರೇ ಮಾಡಿದರು.

ಆದುದರಿಂದ ಬಸ್ಸಿನಲ್ಲಿ ಕೇಳಿದವರಿಗೆ ನಮ್ಮ ಉತ್ತರ: ಎದೆ ಸೀಳದೆ ಕವಾಟ ಸರಿಪಡಿಸುವುದು ಪೂರಾ ನಿಜ, ಯಂತ್ರ ದಾರಿ ತೋರುವುದೂ ನಿಜ. ಯಂತ್ರವೇ ತಾನಾಗಿ ಹೃದಯದೊಳಗೆ ನಡೆದದ್ದು ಆ ಪ್ರಯೋಗದ ಹಂದಿಗಳಲ್ಲಿ. ಜಯದೇವದಲ್ಲಾಗಲಿ ಇನ್ನೊಂದು ಕಡೆಯಾಗಲಿ ನಿಮ್ಮ ಮನೆಯವರ ತೊಡೆಯ ಸಂದಿನಲ್ಲಿ ನಳಿಕೆ ಹಿಡಿಯುವುದು ಮನುಷ್ಯರ ಕೈ.

ನಮಗಿರುವ ಒಂದು ಅಳುಕನ್ನೂ ಹೇಳಿಬಿಡುತ್ತೇವೆ. ಶಿವಮೊಗ್ಗದ ಮಂಡಿಯಲ್ಲಿ ಪಳಗಿದ ಆ ಹೆಣ್ಣುಮಗಳನ್ನು ಮಂಗಳೂರಿಗೆ ಕರೆದೊಯ್ದು ಕರಾವಳಿಯ ಚಾಲಿ ಅಡಿಕೆಯ ಮುಂದೆ ಕೂರಿಸಿದರೆ ಅವಳ ಕಣ್ಣು ತಬ್ಬಿಬ್ಬಾಗುತ್ತದೆ. ಅದು ಅವಳ ದಡ್ಡತನವಲ್ಲ, ಅವಳು ಕಂಡದ್ದು ಬೇರೆ ಅಡಿಕೆ. ಈ ಕಲಿತ ಯಂತ್ರಗಳಲ್ಲಿ ಹೆಚ್ಚಿನವು ಕಂಡಿರುವುದು ಪಶ್ಚಿಮ ದೇಶಗಳ ಮುದುಕರ, ಸುಣ್ಣ ಕಟ್ಟಿದ ಕವಾಟಗಳನ್ನು. ಶ್ರೀಮಂತ ದೇಶಗಳಲ್ಲಿ ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ಮರೆಯಾಗಿದೆ. ಇಪ್ಪತ್ತೈದರ ಹರೆಯದಲ್ಲಿ ದಳಗಳು ಬೆಸೆದುಕೊಂಡ ನಮ್ಮ ಹೆಣ್ಣುಮಕ್ಕಳ ಕವಾಟವನ್ನು ಆ ಯಂತ್ರಗಳು ಎಷ್ಟು ಕಂಡಿವೆ? ಇದಕ್ಕೆ ಬೇಕಾದ ಭಂಡಾರ ಇರುವುದು ನಮ್ಮಲ್ಲಿಯೇ. ದಶಕಗಳಿಂದ ಬಲೂನ್ ಚಿಕಿತ್ಸೆ ನಡೆದ ನಮ್ಮ ಆಸ್ಪತ್ರೆಗಳ ಎಕೋ ಚಿತ್ರಗಳು, ಹೆಸರು ಗುರುತು ಅಳಿಸಿ ಸರಿಯಾಗಿ ಕೂಡಿಟ್ಟರೆ, ಜಗತ್ತಿನ ಯಂತ್ರಗಳಿಗೆ ಪಾಠ ಹೇಳಬಲ್ಲವು. ಆ ಚಿತ್ರಗಳನ್ನು ಬಡ ರೋಗಿಗಳು ಕೊಟ್ಟದ್ದು. ಅವುಗಳಿಂದ ಕಲಿತ ಯಂತ್ರ ಮರಳಿ ಬಡವರ ಆಸ್ಪತ್ರೆಗೆ ಕೈಗೆಟುಕುವ ಬೆಲೆಯಲ್ಲಿ ಬರಬೇಕೆಂದು ಕೇಳುವುದು ಅತಿಯಾಸೆಯಲ್ಲವೆಂದು ನಮ್ಮ ಭಾವನೆ. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಈ ರೋಗದ ಮೇಲೆಯೇ ಒಂದು ನಿರ್ಣಯ ಅಂಗೀಕರಿಸಿದೆ; ಅಷ್ಟರಿಂದಲೇ ಸೂಜಿಮದ್ದು ಎಲ್ಲ ಮಕ್ಕಳನ್ನೂ ಮುಟ್ಟುವುದಿಲ್ಲ.

ಕಡೆಗೆ ಮನೆಯವರಿಗೆ ಕೆಲವು ವ್ಯವಹಾರದ ಮಾತು. ಕವಾಟದ ತೊಂದರೆಯೆಂದು ತಿಳಿದವರ ಹಳೆಯ ಎಕೋ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡಿ. ಎರಡು ವರ್ಷದ ಹಿಂದಿನ ಅಳತೆ ಮುಂದಿದ್ದರೆ ಇಂದಿನದಕ್ಕೆ ಅರ್ಥ ಬರುತ್ತದೆ. ವೈದ್ಯರನ್ನು ಕೇಳಲು ಹಿಂಜರಿಯಬೇಡಿ: ಬಲೂನಿಗೆ ಇವರ ಕವಾಟ ಯೋಗ್ಯವೇ, ಅಂಕ ಎಷ್ಟು, ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ನೆರವು ಇದಕ್ಕೆ ಎಷ್ಟು ದೊರೆಯುತ್ತದೆ, ಮುಂದೆ ಬಸಿರಾಗಬಹುದೇ. ಕಡೆಯ ಪ್ರಶ್ನೆಯನ್ನು ಲಗ್ನಕ್ಕೆ ಮುಂಚೆಯೇ ಕೇಳಬೇಕು, ಎರಡೂ ಮನೆಯವರು ಕುಳಿತು ಕೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಂಗತಿಯನ್ನು ನಮ್ಮ ಹಿರಿಯ ತಾಯಂದಿರು ಕೇಳಿಸಿಕೊಳ್ಳಬೇಕು. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಕ್ಷ-ಕಿರಣದ ಚಿತ್ರದಲ್ಲಿ ಹೃದಯಕ್ಕೆ ಅಡ್ಡಬರುತ್ತದೆ. ಅದನ್ನು ತೆಗೆಯಲೊಲ್ಲದೆ ಮೇಜಿನ ಮೇಲೆ ಹಟ ಹಿಡಿದವರನ್ನು ಬಲ್ಲೆವು. ಲಿಂಗವನ್ನು ತೋಳಿನಲ್ಲಿ ಧರಿಸುವ ಪದ್ಧತಿಯೂ ನಮ್ಮಲ್ಲಿ ಉಂಟು. ಕರಡಿಗೆಯಿಂದ ಬಿಡಿಸಿ, ಶುಭ್ರ ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಹಿಂದಿನ ದಿನವೇ ಅಲ್ಲಿಯ ಸಿಸ್ಟರನ್ನು ಕೇಳಿ. ಅವರು ಒಪ್ಪದಿದ್ದರೆ, ಆ ಒಂದೆರಡು ಗಂಟೆ ಅದನ್ನು ಮಗಳ ಅಂಗೈಯಲ್ಲಿ ಕೊಟ್ಟು ಒಳಗೆ ಹೋಗಿ.